ಎಲ್ಲ ಮನೆಯಲ್ಲೂ ಲಿಗೋರಿ

ಆನೇಮಹಲ್
19 ನವೆಂಬರ್ 2024

ಪ್ರೀತಿಯ ಡೆಲ್ಸಿ ಅಕ್ಕನಿಗೆ,

ನಿನ್ನ ತಂಗಿ ಫ್ಲಾವಿಯಾಳ ವಂದನೆಗಳು. ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲ, ಬೈಯಬೇಡ. ಎತ್ತಿದ್ದರೆ ನೀನು ನಗುತ್ತಿದ್ದೆ, ನಾನು ಅಳುತ್ತಿದ್ದೆ. ಅದಕ್ಕೇ ಈ ಕಾಗದ. ಪಪ್ಪಾ ಚರ್ಚಿಗೆ ಹೋಗುವುದನ್ನೇ ಬಿಟ್ಟುಬಿಟ್ಟಿದ್ದಾರೆ. ಕಾರಣ ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಮ್.

ಮೃತರ ಸ್ಮರಣೆಯ ಪೂಜೆಯಲ್ಲಿ ಮನೆಮನೆಯವರು ಕೊಟ್ಟ ಹೆಸರು ಓದುತ್ತಾರಲ್ಲ, ಪ್ರತಿ ವರ್ಷ ಚೀಟಿ ಕಳೆದು ಜಗಳ. ಈ ಸಲ ಎಲ್ಲರೂ ಮೊಬೈಲಿನಲ್ಲೇ ಕಳಿಸಲಿ, ನಾನು ಮಾಡಿಕೊಡುತ್ತೇನೆ ಎಂದು ಫಾದರ್ ಹತ್ತಿರ ಹೇಳಿದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ.

ಪ್ರೋಗ್ರಾಮಿನಲ್ಲಿ ಒಂದೊಂದು ಮನೆಗೂ ಒಂದು ಆಬ್ಜೆಕ್ಟ್, ಒಂದು ಡಬ್ಬಿ ಎಂದುಕೋ. ಬಂದ ಹೆಸರನ್ನು ಅದರ ಸ್ವಂತ ಪ್ರಾಪರ್ಟಿಯಲ್ಲಿ, ಅಂದರೆ ಡಬ್ಬಿಯೊಳಗೇ ಉಳಿಯುವ ಜಾಗದಲ್ಲಿ, ಇಡಬೇಕಿತ್ತು. ನಾನು ಹೆಸರು ತುಂಬುವ ಫಂಕ್ಷನ್ನಿನ ಒಳಗಿನ ಲೋಕಲ್ ವೇರಿಯಬಲ್ಲಿನಲ್ಲಿ, ಆ ಕ್ಷಣಕ್ಕಷ್ಟೇ ಇರುವ ಜಾಗದಲ್ಲಿ, ಇಟ್ಟೆ. ಫಂಕ್ಷನ್ ಮುಗಿದೊಡನೆ ಅದೂ ಮಾಯ. ಸಾರಿಗೆ ಹಾಕಬೇಕಾದ ಉಪ್ಪನ್ನು ಅಂಗೈಯಲ್ಲೇ ಹಿಡಿದು ಕೈ ತೊಳೆದ ಹಾಗೆ. ಆ ಸಾಲಿನ ಮೊದಲಿಗೆ 'ದಿಸ್' ಎಂಬ ಒಂದೇ ಪದ ಹಾಕಿದ್ದರೆ ಸಾಕಿತ್ತು. ಕಾಲೇಜಿನಲ್ಲಿ ಇದೇ ತಪ್ಪಿಗೆ ಹುಡುಗರ ಅಂಕ ಕತ್ತರಿಸುವವಳು ನಾನು! ಪರೀಕ್ಷಿಸಿ ನೋಡಲಿಲ್ಲವೇ ಎಂದು ಕೇಳಬೇಡ, ನೋಡಿದೆ. ಖಾಲಿ ಬಿಡಬಾರದೆಂದು ಎಲ್ಲ ಆಬ್ಜೆಕ್ಟಿಗೂ ಮೊದಲೇ ನನ್ನ ಗಂಡನ ಹೆಸರು ತುಂಬಿಟ್ಟಿದ್ದೆ. ಪರೀಕ್ಷೆಗೂ ಅದನ್ನೇ ಕಳಿಸಿದೆ. ಲಿಗೋರಿ ಎಂದೇ ಬಂತು, ಸರಿಯಾಗಿದೆ ಎಂದುಕೊಂಡೆ; ಅದು ಮೊದಲೇ ತುಂಬಿಟ್ಟ ಹೆಸರು ಎಂದು ಹೊಳೆಯಲಿಲ್ಲ.

ಪೂಜೆಯಲ್ಲಿ ಹಾಡಿನ ಗುಂಪಿನ ಶಾನ್ ಟ್ಯಾಬ್ ಹಿಡಿದು ಓದಲು ನಿಂತ. "ಪಿಂಟೋ ಮನೆಯ ಲಿಗೋರಿ. ಡಿಸಿಲ್ವ ಮನೆಯ ಲಿಗೋರಿ. ರೊಡ್ರಿಗಸ್ ಮನೆಯ ಲಿಗೋರಿ."

ನನ್ನ ಪಕ್ಕದಿಂದ ಇವರು ಎದ್ದೇಬಿಟ್ಟರು. "ಅಯ್ಯೋ ಮಾರಾಯ, ನಾನಿನ್ನೂ ಬದುಕಿದೀನಿ ಕಣೋ!"

ಚರ್ಚೆಲ್ಲ ನಗು. ಆ ಪುಣ್ಯಾತ್ಮ ಶಾನ್ ಅಲ್ಲಿಗಾದರೂ ನಿಲ್ಲಿಸಬಾರದೇ? ಕಂಪ್ಯೂಟರ್ ತಪ್ಪು ಹೇಳುತ್ತದೆಯೇ ಎಂದು ಓದಿಯೇ ಓದಿದ. ನಮ್ಮ ತವರಿನ, ಲೋಬೋ ಮನೆಯ ಸರದಿಯೂ ಬಂತು. ಅಲ್ಲೂ ಲಿಗೋರಿ. ಪಪ್ಪಾ ಎದ್ದು ಹೊರಗೆ ನಡೆದರು.

ಮುಂದಿನ ಭಾನುವಾರ ಸರಿಯಾಗಿ ಓದಿಸೋಣ ಎಂದು ಫಾದರ್ ಮನೆಗೇ ಬಂದು ಹೇಳಿದರು. ಪಪ್ಪಾ ತಲೆಯಾಡಿಸಿ ಬೇಡವೆಂದರು. ಇವರಿಗಂತೂ ಇನ್ನೂ ತಮಾಷೆಯೇ: "ಒಂದ್ ಲೋಟ ಕಾಫಿ ಕೊಡೇ, ಸತ್ತೋರ್ಗೂ ಬಾಯಾರಿಕೆ ಐತೆ!" ಲೋಟವನ್ನು ತಲೆಗೇ ಎಸೆಯಬೇಕು ಎನ್ನಿಸುತ್ತದೆ.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಸಲ ಬಾ ಅಕ್ಕ. ಪಪ್ಪಾ ನಿನ್ನ ಮಾತು ಕೇಳಿಯಾರು. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೇವರು ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಫ್ಲಾವಿಯಾ

ಮರೆತ ವಿಷಯ: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಪಪ್ಪಾ ಈ ಸಲ ನನ್ನಿಂದ ಹಾಕಿಸಿದ್ದು ಅಮ್ಮನ ಹೆಸರಲ್ಲ, ನಮ್ಮ ತಮ್ಮ ಬ್ರಾಯನ್‌ನದು. ಅವನು ತನ್ನ ಕೈಯಾರೆ ಜೀವ ಕಳೆದುಕೊಂಡ ದಿನದಿಂದ, ಅದು ದೇವರು ಕ್ಷಮಿಸದ ಪಾಪವೆಂದು, ಪಪ್ಪಾ ಆ ಹೆಸರೇ ಎತ್ತಿರಲಿಲ್ಲ, ನಿನಗೆ ಗೊತ್ತಲ್ಲ. "ಈ ಸಲ ಅವನ್ದು ಹಾಕಮ್ಮ" ಎಂದು ತಾವಾಗಿಯೇ ಹೇಳಿ, ಮೊದಲ ಸಾಲಿನಲ್ಲಿ ಹೋಗಿ ಕೂತಿದ್ದರು. ನಾನು ಹೊರಗೆ ಓಡಿ ಹೋದಾಗ, "ದೇವ್ರೇ ಒಪ್ಲಿಲ್ಲ ಕಣಮ್ಮ, ಬುಟ್ಬುಡು" ಎಂದರು. ತಪ್ಪು ನನ್ನದು, ದೇವರದಲ್ಲ ಎಂದು ದಿನಾ ಹೇಳುತ್ತೇನೆ. ಮಗಳು ತಮ್ಮನ್ನು ಸಮಾಧಾನಪಡಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದು ತಿಳಿದು, ನನ್ನ ತಲೆ ನೇವರಿಸುತ್ತಾರೆ.