ಹನ್ನೆರಡರಲ್ಲಿ ಇಬ್ಬರು

ಬಾಯು ಸೆರೆಟ್, ಲೂಸಿಯಾನಾ
18 ಏಪ್ರಿಲ್ 2022

ನನ್ನ ಕ್ಲೋವಿಸ್,

ಆರೋಗ್ಯವಾಗಿದ್ದೀಯಾ? ಐದು ವಾರ ಕಾಗದ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಓಡಾಟ ಹಾಗಿತ್ತು. ಕೂತುಕೊಂಡು ಓದು.

ನಾನು ಕೆಲಸ ಮಾಡುವ ಡಯಾಲಿಸಿಸ್ ಕೇಂದ್ರಕ್ಕೆ ಹೊಸದಾಗಿ ಒಬ್ಬ ಅಜ್ಜಿ ಬರುತ್ತಿದ್ದಾರೆ, ಮಿಸ್ ಜೆನೆವೀವ್ ಪಿಯರ್. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಮೊದಲ ದಿನವೇ ನನ್ನ ಬ್ಯಾಡ್ಜ್ ಓದಿ ಕೈ ಹಿಡಿದುಕೊಂಡರು.

“ಗಿಡ್ರೋ ಅಂದ್ರೆ... ಪೆಟ್ರೋಲ್ ಬಂಕ್ ದರೋಡೆ ಕೇಸಿನ ಕ್ಲೋವಿಸ್ ನಿನಗೇನಾಗ್ಬೇಕಮ್ಮ?”

“ಗಂಡ,” ಎಂದೆ.

“ಅವನ ತೀರ್ಪು ಹೇಳೋಕೆ ಊರಿಂದ ಆರಿಸಿದ ಜ್ಯೂರಿಯಲ್ಲಿ ನಾನೂ ಇದ್ದೆ ಕಣೇ.”

ಕೈ ಕೊಸರಿಕೊಂಡೆ. ಅವರು ಬಿಡಲಿಲ್ಲ. “ಪೂರ್ತಿ ಕೇಳು. ಹನ್ನೆರಡು ಜನದಲ್ಲಿ ಕರಿಯರು ನಾನೂ ಇನ್ನೊಬ್ರೂ ಮಾತ್ರ. ಅವನು ಮಾಡಿಲ್ಲ ಅಂದೋರೂ ನಾವಿಬ್ರೇ. ಸಾಕ್ಷಿ ಹೇಳಿದವಳು ಮುಖ ಎಲ್ಲಿ ನೋಡಿದ್ಲು? ಬಣ್ಣ ನೋಡಿದ್ಲು ಅಷ್ಟೇ. ಸ್ವಲ್ಪ ಮಾತಾಡೋಣ ಅಂದೆ. ‘ಹತ್ತು ಜನ ಸಾಕು ಅಂತ ಕಾನೂನೇ ಇದೆ, ನಿಮ್ಮ ಮಾತು ಯಾರಿಗೆ ಬೇಕು? ಊಟದ ಹೊತ್ತಾಯ್ತು’ ಅಂದ ಜ್ಯೂರಿಯ ಮುಖ್ಯಸ್ಥ. ಇಪ್ಪತ್ತು ನಿಮಿಷ ಕಣೇ! ಅಷ್ಟರಲ್ಲಿ ಅವನನ್ನ ಅರವತ್ತು ವರ್ಷದ ಜೈಲಿಗೆ ತಳ್ಳಿಬಿಟ್ರು.”

ಮರುವಾರ ವಕೀಲೆ ಡೆವೆರೋ ಅವರನ್ನು ಕೇಂದ್ರಕ್ಕೇ ಕರೆತಂದೆ. ತೋಳಿಗೆ ಸೂಜಿ ಚುಚ್ಚಿಸಿಕೊಂಡೇ ಮಿಸ್ ಜೆನೆವೀವ್ ಹೇಳಿಕೆ ಕೊಟ್ಟು ಸಹಿ ಹಾಕಿದರು. ವಕೀಲೆ ಆಸೆ ಹುಟ್ಟಿಸಲಿಲ್ಲ. “ಹತ್ತು ಜನ ಸಾಕು ಅನ್ನೋ ಕಾನೂನು ಈಗಿಲ್ಲ, ಆದ್ರೆ ಹಳೇ ಕೇಸು ತಾನಾಗಿ ತೆರೆಯಲ್ಲ. ಸರ್ಕಾರಿ ವಕೀಲರು ಒಪ್ಪಬೇಕು.”

ಪ್ರತಿ ಗುರುವಾರ ನನಗೆ ರಜೆ. ಸರ್ಕಾರಿ ವಕೀಲರ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತೆ. “ಮುಂದಿನ ತಿಂಗಳು ಬನ್ನಿ,” ಎಂದ ಗುಮಾಸ್ತ. “ಬರ್ತೀನಿ. ಮಧ್ಯದ ವಾರಗಳೂ ಬರ್ತೀನಿ,” ಎಂದೆ. ನಾಲ್ಕನೇ ಗುರುವಾರ ಮಿಸ್ ಜೆನೆವೀವ್ ಊರುಗೋಲು ಹಿಡಿದು ಬಂದು ಪಕ್ಕದಲ್ಲಿ ಕೂತರು. ಆಗ ಸರ್ಕಾರಿ ವಕೀಲರೇ ಹೊರಗೆ ಬಂದು ಹೇಳಿಕೆಯ ಕಾಗದ ಇಸಿದುಕೊಂಡು ಓದಿದರು, ಕೇಸು ಮತ್ತೆ ತೆರೆಯಲು ಒಪ್ಪಿದರು. ಜೂನ್ ಒಂಬತ್ತಕ್ಕೆ ನ್ಯಾಯಾಧೀಶರ ಮುಂದೆ ನಿನ್ನ ಕೇಸು ಬರುತ್ತದೆ. ಇಲ್ಲವೆಂದರೆ ಮತ್ತೆ ಆ ಬೆಂಚು ಇದ್ದೇ ಇದೆ.

ದೇವರು ನಿನ್ನ ಬೆನ್ನಿಗಿರಲಿ. ಹೊಟ್ಟೆ ತುಂಬ ಉಣ್ಣು, ಗಟ್ಟಿಯಾಗಿರು.

ನಿನ್ನ
ಅರ್ಲೀನ್

ತಾ.ಕ.: ನೀನು ಜೈಲಿಗೆ ಹೋದ ಮೂರನೇ ವರ್ಷದಿಂದ ಏಳು ವರ್ಷ ನಾನು ನಿನ್ನನ್ನು ನೋಡಲು ಬರಲಿಲ್ಲ. ಮಂಡಿನೋವು ಎಂದು ಬರೆದಿದ್ದೆ. ಮಂಡಿ ಚೆನ್ನಾಗಿಯೇ ಇತ್ತು. ಹತ್ತು ಜನ ಹೇಳಿದ ಮೇಲೆ ನೀನೇ ಮಾಡಿರಬಹುದು ಅಂದುಕೊಂಡಿದ್ದೆ. ಕೋರ್ಟಿನಲ್ಲಿ ನಾಲ್ಕು ದಿನ ದೂರದಿಂದ ನೋಡಿದ ಮಿಸ್ ಜೆನೆವೀವ್ ನಿನ್ನನ್ನು ನಂಬಿದರು. ಒಂಬತ್ತು ವರ್ಷ ಸಂಸಾರ ಮಾಡಿದ ನಾನು ನಂಬಲಿಲ್ಲ. ಭಾನುವಾರ ಬರುತ್ತೇನೆ. ಏನು ಬೇಕಾದರೂ ಅನ್ನು, ಕೇಳಿಸಿಕೊಳ್ಳುತ್ತೇನೆ. ಭೇಟಿಯ ಪಟ್ಟಿಯಿಂದ ನನ್ನ ಹೆಸರನ್ನು ಮಾತ್ರ ತೆಗೆಸಬೇಡ.