ನಮ್ಮ ಅಂಗಡಿಯ ದೊಡ್ಡ ಕಿಲೋ

ರಾಯಚೂರು
ಮೇ ಹದಿನೆಂಟು, ಭಾನುವಾರ

ನಿಮಗೆ ನಮಸ್ಕಾರ.

ಹೆಸರನ್ನು ಕವರಿನ ಮೇಲೆ ಬರೆದಿದ್ದೇನೆ. ಒಳಗೂ ಬರೆಯಲು ಕೈ ಬರುತ್ತಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಮ್ಮೆಯೂ ಬಾಯಿಬಿಟ್ಟು ಕರೆಯದ ಹೆಸರು.

ಹೆದರಬೇಡಿ, ಇದು ವ್ಯವಹಾರದ ಪತ್ರ. ಹಿಂದಿನ ಕೋಣೆಯ ಮೊಳೆಗೆ ತೂಗುಹಾಕಿರುವ ನಿಮ್ಮ ಕಬ್ಬಿಣದ ತಕ್ಕಡಿಯನ್ನು, ಅದರ ತೂಕದ ಕಲ್ಲುಗಳ ಸಮೇತ, ಒಬ್ಬಾತ ಕೊಳ್ಳಲು ಕೇಳುತ್ತಿದ್ದಾನೆ. ಪೋತ್ನಾಳದವನು, ಹೆಸರು ಜಿಲಾನಿ ಪಾಷಾ. ಸಾಮಾನು ನಿಮ್ಮದು. ಕೊಡಲೋ ಬೇಡವೋ ಹೇಳಿ. ವಿಷಯ ಇಷ್ಟೇ.

ಇಷ್ಟಕ್ಕೆ ಒಂದು ಕಾರ್ಡು ಸಾಕಿತ್ತಲ್ಲ, ಕವರು ಯಾಕೆ ಎಂದು ನೀವು ಕೇಳುತ್ತೀರಿ. ಫೋನು ಯಾಕೆ ಮಾಡಲಿಲ್ಲ ಎಂದೂ ಕೇಳುತ್ತೀರಿ. ಫೋನಿನಲ್ಲಾದರೆ ನಾನೇ ಮಾತಾಡುತ್ತೇನೆ, ನಾನೇ ಗೆಲ್ಲುತ್ತೇನೆ, ನೀವು "ಹೂಂ" ಎಂದು ಇಟ್ಟುಬಿಡುತ್ತೀರಿ. ಈ ಸಲ ಗೆಲ್ಲುವ ಇರಾದೆ ಇಲ್ಲ. ಅದಕ್ಕೇ ಕವರು.

ಅಂಗಡಿ ನಡೆದಿದೆ. ನೀವು ದೇವದುರ್ಗಕ್ಕೆ, ನಿಮ್ಮಕ್ಕನ ಮನೆಗೆ ಹೋದ ಮೇಲೆ ಐವತ್ತು ಕಿಲೋದ ಚೀಲ ಎತ್ತುವುದು ನನ್ನಿಂದ ಆಗಲಿಲ್ಲ. ಹಮಾಲರನ್ನು ಕರೆದರೆ ಬೇಳೆಯ ಲಾಭವೆಲ್ಲ ಅವರ ಹೆಗಲಿಗೇ ಹೋಗುತ್ತದೆ. ಒಂದೇ ತಿಂಗಳಲ್ಲಿ ಬಿಡಿ ಸಾಮಾನು ನಿಲ್ಲಿಸಿ ಎಲ್ಲವನ್ನೂ ಪಾಕೀಟು ಮಾಡಿಬಿಟ್ಟೆ. ಬೇಳೆ ಪಾಕೀಟು, ಸಕ್ಕರೆ ಪಾಕೀಟು, ರವೆ ಪಾಕೀಟು. ಲೆಕ್ಕ ಸಲೀಸು. ಆದರೆ ತೂಗುವುದಿಲ್ಲವಲ್ಲ, ಹಾಗಾಗಿ ಯಾರೂ ನಿಲ್ಲುವುದಿಲ್ಲ. ಮುಂಚೆ ಬೇಳೆ ತೂಗಿ ಕಟ್ಟುವಷ್ಟರಲ್ಲಿ ಒಬ್ಬಳ ಸೊಸೆಯ ಸುದ್ದಿ ಮುಗಿದು ಇನ್ನೊಬ್ಬಳ ಮೊಣಕಾಲಿನ ನೋವು ಶುರುವಾಗುತ್ತಿತ್ತು. ಈಗ ಪಾಕೀಟು ಎತ್ತುತ್ತಾರೆ, ಮೊಬೈಲು ತೋರಿಸುತ್ತಾರೆ, ಹೋಗುತ್ತಾರೆ. ಗಲ್ಲಾದ ಪಕ್ಕ, ದುಡ್ಡು ಬಂತೆಂದು ಕೂಗಿ ಹೇಳುವ ಡಬ್ಬಿಯೊಂದನ್ನು ಇಟ್ಟುಕೊಂಡಿದ್ದೇನೆ. ಇಡೀ ದಿನದಲ್ಲಿ ಈ ಅಂಗಡಿಯಲ್ಲಿ ಹೆಚ್ಚು ಮಾತಾಡುವವಳು ಅವಳೇ. ಒಂದು ದಿನ ಬೇಸರವಾಗಿ, "ಊಟ ಆತೇನವ್ವಾ?" ಎಂದು ಕೇಳಿಯೂ ಬಿಟ್ಟೆ. ಹೊರಗೆ ನಿಂತಿದ್ದವರು ನನ್ನ ಕಡೆ ತಿರುಗಿ ನೋಡಿದರು. ಫೋನಿನಲ್ಲಿ ಮಾತಾಡುವವಳ ಹಾಗೆ ಕಿವಿಯ ಮೇಲೆ ಕೈ ಇಟ್ಟುಕೊಂಡೆ.

ತೂಗುವ ಕೆಲಸವಿಲ್ಲದ ಮೇಲೆ ಆ ಕಾಟಾ ಧೂಳು ತಿನ್ನುತ್ತ ಕೂತಿತ್ತು. ನೆನಪಿದೆಯಲ್ಲ, ನಿಮ್ಮ ತಕ್ಕಡಿಯನ್ನು ಇಳಿಸಿ, ಚೀಟಿ ಎತ್ತಿದ ದುಡ್ಡಿನಲ್ಲಿ ನಾನು ತಂದ ಕೆಂಪು ಅಂಕಿಯ ಕರೆಂಟಿನ ಕಾಟಾ? ಏಪ್ರಿಲ್‌ನಲ್ಲಿ ಅದನ್ನು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದೆ. ಹಳೆಯ ಸಾಮಾನು ಮಾರುವವರು, ಕೊಳ್ಳುವವರು ಸೇರುವ ಜಾಗಗಳಿವೆ ಅದರಲ್ಲಿ, ನಮ್ಮ ವಾರದ ಸಂತೆಯ ಹಾಗೆ, ಬೆವರು ಮಾತ್ರ ಇಲ್ಲ. ಮೂರು ಕಡೆಯಿಂದ ಫೋಟೋ ತೆಗೆದು, "ಒಂದೇ ಕೈಯಲ್ಲಿ ಬಳಸಿದ್ದು, ತೂಕ ಪಕ್ಕಾ, ಎರಡು ಸಾವಿರದ ಇನ್ನೂರು" ಎಂದು ಬರೆದೆ. ಎರಡನೆಯ ದಿನವೇ ಜಿಲಾನಿ ಪಾಷಾ ದುಡ್ಡು ಕಳಿಸಿದ. ಪೋತ್ನಾಳದ ರಸ್ತೆ ಬದಿಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಅಂಗಡಿಯನ್ನು ಹೊಸದಾಗಿ ಇಟ್ಟವನು. ಕಾಟಾವನ್ನು ಗೋಣಿತಟ್ಟಿನಲ್ಲಿ ಹೊಲಿದು ಬಸ್ಸಿಗೆ ಹಾಕಿದೆ.

ನಾಲ್ಕನೆಯ ದಿನ ತಕರಾರು ಬಂತು. ನಲವತ್ತು ಕಿಲೋ ಬೆಳ್ಳುಳ್ಳಿ ಮಾರಿದೆ ಅಕ್ಕಾರ, ಎರಡೂವರಿ ಕಿಲೋದ ರೊಕ್ಕ ಬಂದಿಲ್ಲ, ನಿಮ್ಮ ಕಾಟಾ ಬರೋಬರ್ ಇಲ್ರೀ, ಅಂತ.

ನನಗೆ ಹೇಳಬೇಕೆ? ಬೆಳ್ಳುಳ್ಳಿ ಒಣಗತದ ತಮ್ಮಾ, ಸಿಪ್ಪಿ ಹಾರಿ ಹೋಗತದ, ಅದಕ್ಕ ಕಾಟಾ ಏನು ಮಾಡತದ ಎಂದು ಬರೆದೆ. ಆತ ಒಂದು ವಿಡಿಯೋ ಕಳಿಸಿದ. ಬಾಯಿ ಬಿಚ್ಚದ ಒಂದು ಕಿಲೋ ಉಪ್ಪಿನ ಪಾಕೀಟು ಕಾಟಾದ ಮೇಲಿತ್ತು. ಕೆಂಪು ಅಂಕಿ ಒಂಬೈನೂರಾ ನಲವತ್ತು ಎನ್ನುತ್ತಿತ್ತು. ಪಾಕೀಟೇ ಕಡಿಮಿ ಇರಬೇಕು ಎಂದೆ. ಬೇರೆ ಪಾಕೀಟು ಇಟ್ಟು ತೋರಿಸಿದ. ಒಂಬೈನೂರಾ ನಲವತ್ತು. ನಿನ್ನ ಮೇಜು ವಾರಿ ಅದ, ಮಟ್ಟ ಇಲ್ಲ ಎಂದೆ. ನೆಲಕ್ಕೆ ಇಟ್ಟು ತೋರಿಸಿದ. ಪೋತ್ನಾಳದಾಗ ಕರೆಂಟು ಸಣ್ಣದು ಎಂದೆ. ಅದಕ್ಕೆ ಆತ, "ಅಕ್ಕಾರ, ಕರೆಂಟು ಸಣ್ಣದಾದ್ರ ಉಪ್ಪು ಹಗುರಾಗತದೇನ್ರೀ?" ಎಂದು ಕೇಳಿದ. ಒಳ್ಳೆಯ ಮಾತುಗಾರ. ನನಗೆ ಖುಷಿಯಾಯಿತು.

ಈ ಖುಷಿಯ ಮಾತನ್ನೂ ಬರೆದುಬಿಡುತ್ತೇನೆ. ಹತ್ತು ದಿನ ಈ ಜಗಳ ನಡೆಯಿತು. ಎದ್ದ ಕೂಡಲೇ ಮೊಬೈಲು ನೋಡುತ್ತಿದ್ದೆ, ಇವತ್ತು ಏನು ಬರೆದಿದ್ದಾನೆ ಅಂತ. ರೊಟ್ಟಿ ಬಡಿಯುತ್ತ ಉತ್ತರ ಹೊಂದಿಸುತ್ತಿದ್ದೆ. ಒಂದು ದಿನ ಆತ ಏನೂ ಬರೆಯಲಿಲ್ಲ. ಮಧ್ಯಾಹ್ನದ ತನಕ ಕಾದೆ. ಆಮೇಲೆ ನಾನೇ, "ಯಾಕ ತಮ್ಮಾ, ಸುಮ್ಮಾದಿ? ರೊಕ್ಕ ಬ್ಯಾಡೇನು?" ಎಂದು ಬರೆದೆ. ಬಾಕಿ ಕೇಳುವವನನ್ನು ತಾನೇ ಮನೆಗೆ ಕರೆದವಳನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆ ಮಾತಿಗೇ ಆತ ಎದ್ದು ಬಂದ. ಮೊನ್ನೆ ಗುರುವಾರ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಕಾಟಾವನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತು ಬಂದಿದ್ದ. ಮೂವತ್ತರ ಹುಡುಗ, ತೆಳ್ಳಗಿನ ಮೀಸೆ. ನಾನು ಸೆರಗು ಬಿಗಿದು ಸಿದ್ಧಳಾದೆ. ಆತ ಕೂಗಾಡಲಿಲ್ಲ. "ಜಗಳಕ್ಕ ಬಂದಿಲ್ರೀ ಅಕ್ಕಾರ. ನಿಮ್ಮ ಅಂಗಡ್ಯಾಗಿಂದ ಒಂದು ಉಪ್ಪಿನ ಪಾಕೀಟು ಕೊಡ್ರಿ, ಅಷ್ಟ" ಎಂದ.

ನಮ್ಮ ಅಂಗಡಿಯ ಉಪ್ಪು, ನಮ್ಮ ಅಂಗಡಿಯ ಕಟ್ಟೆ, ರಾಯಚೂರಿನ ಕರೆಂಟು. ಒಂಬೈನೂರಾ ನಲವತ್ತು.

ಆಗ ಹಿಂದಿನ ಕೋಣೆಗೆ ಹೋದೆ. ಎರಡು ವರ್ಷದಿಂದ ಮುಟ್ಟದ ನಿಮ್ಮ ಕಲ್ಲುಗಳನ್ನು ತಂದೆ. ಕಿಲೋದ ಕಲ್ಲು ಇಟ್ಟೆ, ಒಂಬೈನೂರಾ ನಲವತ್ತು. ಎರಡು ಕಿಲೋದ್ದು ಇಟ್ಟೆ, ಸಾವಿರದ ಎಂಟುನೂರಾ ಎಂಬತ್ತು. ನನ್ನ ಬಾಯಿ ತನ್ನಷ್ಟಕ್ಕೆ ಲೆಕ್ಕ ಮಾಡತೊಡಗಿತು. ಕಿಲೋಕ್ಕೆ ಅರವತ್ತು ಗ್ರಾಂ ಗಿರಾಕಿಗೆ ಹೆಚ್ಚು. ಐವತ್ತು ಕಿಲೋದ ಚೀಲಕ್ಕೆ ಮೂರು ಕಿಲೋ.

ಮೂರು ಕಿಲೋ. ಈ ಅಂಕಿ ನಿಮಗೂ ನೆನಪಿರಬೇಕು.

ಗಂಜ್ ಮಾರುಕಟ್ಟೆಯಿಂದ ಐವತ್ತು ಕಿಲೋ ಬೇಳೆ ಬರುತ್ತದೆ, ನಲವತ್ತೇಳು ಮಾರಾಟವಾಗುತ್ತದೆ, ಚೀಲ ಬರಿದಾಗುತ್ತದೆ. ಪ್ರತಿ ಚೀಲಕ್ಕೂ ಮೂರು ಕಿಲೋ ಮಾಯ. ಒಂದೂವರೆ ವರ್ಷ ನಾನು ಅದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತ ಹೋದೆ. ಇಬ್ಬರೇ ಇದ್ದ ಮನೆಯಲ್ಲಿ ಕಳವಾದರೆ ಕಳ್ಳನನ್ನು ಹುಡುಕುವ ಕೆಲಸವೇ ಇಲ್ಲ ಎಂದುಕೊಂಡೆ. ತಿಂಗಳಿಗೊಮ್ಮೆ ನೀವು ಚೀಲ ಹಿಡಿದು ದೇವದುರ್ಗಕ್ಕೆ ಹೋಗುತ್ತಿದ್ದಿರಿ. ಅದರಲ್ಲಿ ಏನಿದೆ ಎಂದು ಒಮ್ಮೆಯೂ ಬಿಚ್ಚಿ ನೋಡಲಿಲ್ಲ, ಬಿಚ್ಚದೆಯೇ ತೂಗಿದೆ. ನಮ್ಮ ಬ್ಯಾಳಿ ಮ್ಯಾಲೆ ನಿಮ್ಮಕ್ಕನ ಒಲಿ ಉರಿಯಾಕತ್ತದ ಎಂದೆ. ಆ ಕೊನೆಯ ದಿನ, ನಮ್ಮ ಓಣಿಯ ಮಹಬೂಬೀ ಸಕ್ಕರೆಗೆಂದು ಬಂದು ನಿಂತಿದ್ದಾಗ, ಅವಳ ಎದುರಿಗೇ ಹೇಳಿದೆ: "ಮನ್ಯಾಗ ಇಬ್ಬರ ಅದೀವಿ. ನಾನಂತೂ ಒಯ್ದಿಲ್ಲ."

ನೀವು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡಿರಿ. "ಒಮ್ಮಿ ಕಲ್ಲು ಇಟ್ಟು ನೋಡು" ಎಂದಿರಿ. ಮಷೀನು ಸುಳ್ಳು ಹೇಳಂಗಿಲ್ಲ, ಮನುಷ್ಯಾರು ಹೇಳ್ತಾರ ಎಂದು ನಾನು ಉತ್ತರ ಕೊಟ್ಟೆ. ಎಷ್ಟು ಚೆಂದದ ಮಾತು ಎಂದು ಆಮೇಲೆ ಎರಡು ದಿನ ನನಗೆ ನಾನೇ ಮೆಚ್ಚಿಕೊಂಡಿದ್ದೆ.

ನೀವು ಹೋದ ಮೇಲೆ ಲೆಕ್ಕ ಕಡಿಮೆ ಬೀಳಲಿಲ್ಲ. ಪಾಕೀಟು ಮಾಡಿದ ಮೇಲೆ ಎಲ್ಲಿಂದ ಬೀಳಬೇಕು? ನಾನು ಅದನ್ನೇ ಸಾಕ್ಷಿ ಎಂದುಕೊಂಡೆ. ಕಳ್ಳ ಹೋದ, ಕಳವು ನಿಂತಿತು, ಅಂತ.

ಅಂಗಡಿ ತುಂಬ ಉಪ್ಪಿನ ಪಾಕೀಟು ಇದ್ದವು. ಒಂದೇ ಒಂದನ್ನು ಎತ್ತಿ ಆ ಕಾಟಾದ ಮೇಲೆ ಇಡಲಿಲ್ಲ.

ಗುರುವಾರದ ಮಾತಿಗೆ ಬರುತ್ತೇನೆ. ಅಷ್ಟರಲ್ಲಿ ಮಹಬೂಬೀ ಬಂದಳು. ಅವಳು ಬರದೆ ಈ ಓಣಿಯಲ್ಲಿ ಏನೂ ನಡೆಯುವುದಿಲ್ಲ. ಕಲ್ಲು, ಕಾಟಾ, ನನ್ನ ಮುಖ ಎಲ್ಲವನ್ನೂ ನೋಡಿ, "ಈಗ ಗೊತ್ತಾತೇನು ಬೇ? ನಿಮ್ಮ ಅಂಗಡಿ ಕಿಲೋ ದೊಡ್ಡದು ಅಂತ ಓಣಿಗೆಲ್ಲ ಗೊತ್ತಿತ್ತಲ್ಲ" ಎಂದಳು. ಮೂರು ಅಂಗಡಿ ದಾಟಿ ನಮ್ಮಲ್ಲಿಗೆ ಯಾಕೆ ಬರುತ್ತಿದ್ದರು ಎಂದುಕೊಂಡಿದ್ದೆ ನಾನು? ನನ್ನ ಮಾತಿಗೆ. ನನ್ನ ನಾಲಿಗೆಯ ಮೇಲೆ ಬೆಲ್ಲ ಇದೆ ಎಂದು ಎಷ್ಟು ಸಲ ನಿಮ್ಮ ಎದುರು ಕೊಚ್ಚಿಕೊಂಡಿಲ್ಲ! ಮಹಬೂಬೀ ಹೇಳಿದಳು: "ನಿನ್ನ ಗಂಡಾ ಧಾರಾಳ ಮನುಷ್ಯಾ, ಕೈ ಬಿಟ್ಟು ಹಾಕ್ತಾನ ಅಂತ ತಿಳಿದಿದ್ವಿ. ನಿನ್ನ ಮಾತು ಸಹಿಸ್ಕೊಂಡು ನಿಲ್ತಿದ್ವಿ."

ಅವತ್ತು ಯಾಕೆ ಬಾಯಿ ಬಿಡಲಿಲ್ಲ, ಅಲ್ಲೇ ನಿಂತಿದ್ದಿಯಲ್ಲ ಎಂದು ಕೇಳಿದೆ. "ಗಂಡಾ ಹೇಂತಿ ಜಗಳದಾಗ ನಡುವ ಬಾಯಿ ಹಾಕಿ, ನನ್ನ ಕಿಲೋ ನಾನ ಸಣ್ಣದು ಮಾಡ್ಕೋಬೇಕೇನು?" ಎಂದಳು. ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನನ್ನ ಕಣ್ಣಿನಲ್ಲಿ ನೀರು ಬಂದದ್ದನ್ನು ಜಿಲಾನಿ ಪಾಷಾ ನೋಡಿದ. ಪಾಪ, ಗಾಬರಿಯಾದ. "ಎರಡು ಸಾವಿರದ ಮಾತು ಅಕ್ಕಾರ, ಯಾಕ ಇಷ್ಟು ಮನಸ್ಸಿಗಿ ಹಚ್ಕೋತೀರಿ? ಅರ್ಧ ಕೊಡ್ರಿ ಸಾಕು" ಎಂದ. ಪೂರಾ ಕೊಟ್ಟೆ. ಬಸ್ಸಿನ ಚಾರ್ಜನ್ನೂ, ಬೆಳ್ಳುಳ್ಳಿಯಲ್ಲಿ ಹೋದದ್ದನ್ನೂ ಕೊಟ್ಟೆ. ಬೇಡಬೇಡ ಎಂದ, ಕಿಸೆಗೆ ತುರುಕಿದೆ. ನಾನು ಕೊಟ್ಟ ಚಹಾ ಕುಡಿದು, ಕಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಿ, ಇವುಗಳ ತಕ್ಕಡಿ ಎಲ್ಲಿದೆ ಎಂದು ಕೇಳಿದ. ತೋರಿಸಿದೆ. ಇದನ್ನೇ ಕೊಡ್ರಿ ನನಗ, ಇದು ಎರಡು ದಿನದಾಗ ಕೆಡೋ ಸಾಮಾನಲ್ಲ ಎಂದ. ಅದು ನನ್ನದಲ್ಲ, ಅದರ ಯಜಮಾನರು ದೇವದುರ್ಗದಾಗ ಅದಾರ, ಕೇಳಿ ತಿಳಸ್ತೀನಿ ಎಂದು ಹೇಳಿದೆ.

"ಯಾವಾಗ ಬರ್ತಾರ್ರೀ ಅವರು?" ಎಂದು ಕೇಳಿದ.

ನಾನು ಚಹಾದ ಲೋಟ ಎತ್ತಿ ಒಳಗೆ ಇಟ್ಟುಬಂದೆ. ಡಬ್ಬಿ ಯಾರದೋ ಇಪ್ಪತ್ತು ರೂಪಾಯಿ ಬಂತೆಂದು ಕೂಗಿತು. ಆತ ಹೊರಟ.

ಅವತ್ತಿನಿಂದ ಅಂಗಡಿಯ ಬಾಗಿಲು ಬೇಗ ಎಳೆಯುತ್ತಿದ್ದೇನೆ. ಇಬ್ಬರಿಗೆ ಆಗುವಷ್ಟು ಹಿಟ್ಟು ಕಲಸುವ ಚಟ ಇನ್ನೂ ಬಿಟ್ಟಿಲ್ಲ, ಎರಡು ರೊಟ್ಟಿ ಮರುದಿನ ಬೀದಿಯ ನಾಯಿಗೆ ಹೋಗುತ್ತವೆ. ಈ ಮಾತು ಲೆಕ್ಕದ ಪುಸ್ತಕದಲ್ಲಿ ಇಲ್ಲ.

ಕಾಟಾ ಹೇಗೆ ಕೆಟ್ಟಿತೋ ಗೊತ್ತಿಲ್ಲ. ಮಷೀನಲ್ಲವೆ, ಕೆಡುತ್ತದೆ.

ಈಗ ವ್ಯವಹಾರ. ತಕ್ಕಡಿ ಕೊಡು ಎಂದರೆ ಕೊಟ್ಟು, ಬಂದ ದುಡ್ಡನ್ನು ನಿಮಗೆ ಕಳಿಸುತ್ತೇನೆ. ಬೇಡ ಎಂದರೆ ಮೊಳೆಗೇ ಇರುತ್ತದೆ. ಆದರೆ ಎರಡು ಕಿಲೋದ ಕಲ್ಲಿಗೆ ತುಕ್ಕು ಹಿಡಿದಿದೆ, ಎಣ್ಣೆ ಹಚ್ಚಿ ಒರೆಸಬೇಕು. ಎಷ್ಟು ಹಚ್ಚಬೇಕು, ಯಾವ ಎಣ್ಣೆ, ನನಗೆ ತಿಳಿಯದು. ಅದು ಯಾವಾಗಲೂ ನಿಮ್ಮ ಕೆಲಸವಾಗಿತ್ತು. ಬಿಡಿ ಬೇಳೆ ಮತ್ತೆ ತರಬೇಕೆಂದಿದ್ದೇನೆ. ಚೀಲ ಎತ್ತುವವರು ಬೇಕು, ತೂಗುವವರೂ ಬೇಕು. ಕೈ ಬಿಟ್ಟು ಹಾಕುವವರಾದರೆ ಗಿರಾಕಿ ಹೆಚ್ಚು ಬರುತ್ತಾರಂತೆ, ಓಣಿಯವರು ಹೇಳುತ್ತಾರೆ.

ಉತ್ತರವನ್ನು ಕಾರ್ಡಿನಲ್ಲಿ ಬರೆದರೂ ಸಾಕು.

ಇಂತಿ,
ಮನೆಯಲ್ಲಿದ್ದ ಇಬ್ಬರಲ್ಲಿ ಉಳಿದವಳು,
ಮಲ್ಲೇಶ್ವರಿ

ತಾ.ಕ.: ಕವರಿಗೆ ಅಂಟು ಹಚ್ಚುವ ಮುಂಚೆ ಮತ್ತೊಮ್ಮೆ ಓದಿದೆ. ಒಂದು ಸಾಲು ತಾಳೆಯಾಗುತ್ತಿಲ್ಲ. ಕಾಟಾ ಹೇಗೆ ಕೆಟ್ಟಿತೆಂದು ನನಗೆ ಗೊತ್ತು. ನಿಮ್ಮ ಗೋಪಮ್ಮಕ್ಕನಿಗೆ ಜ್ವರವೆಂದು ನೀವು ದೇವದುರ್ಗಕ್ಕೆ ಹೋಗಿದ್ದ ದಿನ, ಒರೆಸಲೆಂದು ಎತ್ತಿದಾಗ ಅದು ನನ್ನ ಕೈತಪ್ಪಿ ಮೆಟ್ಟಿಲ ಮೇಲೆ ಬಿತ್ತು. ಒಂದು ಮೂಲೆ ಒಡೆಯಿತು. ಅಂಕಿ ಉರಿಯುತ್ತಿತ್ತಲ್ಲ, ಒಡೆದ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟೆ, ನಿಮಗೆ ಹೇಳಲಿಲ್ಲ. ಮಾರುವಾಗಲೂ ಆ ಕಡೆಯ ಫೋಟೋ ಹಾಕಲಿಲ್ಲ. ಮೊದಲ ಮೂರು ಕಿಲೋ ಕಡಿಮೆ ಬಿದ್ದದ್ದು ಅದಾದ ಹನ್ನೊಂದು ದಿನಕ್ಕೆ. ಆ ಜ್ವರಕ್ಕೆಂದು ನೀವು ಊರಿಗೆ ಹೋದ ದಿನವೂ ಆ ಮೂರು ಕಿಲೋವೂ ಪುಸ್ತಕದಲ್ಲಿ ಎದುರುಬದುರು ಪುಟದಲ್ಲಿವೆ. ಗೋಪಮ್ಮಕ್ಕನಿಗೆ ಇಷ್ಟನ್ನು ಮಾತ್ರ ಓದಿ ಹೇಳಿ. ಮೇಲಿನದೆಲ್ಲ ಬರೀ ಮಾತು.