ಖಾಲಿ ಕೋಣೆಗೆ ಬಂದ ಮೊದಲ ಸ್ಥಾನ

ಜಿಲ್ಲೆಯ ಸ್ಮಾರ್ಟ್ ತರಗತಿಗಳನ್ನೆಲ್ಲ ಕುಳಿತಲ್ಲಿಂದಲೇ ನೋಡಿಕೊಳ್ಳುತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಗೋಡೆಗೆ ನೀವು ಹಾಕಿಸಿರುವ ಡಿಜಿಟಲ್ ಬೋರ್ಡಿನ ಬಾಯಿ ಮುಚ್ಚಿಸಲು ಪಾಠ ಮಾಡುವವರಿಗೆ ಅಧಿಕಾರವಿಲ್ಲ. ಇದೇ ನನ್ನ ದೂರು. ಇದನ್ನು ನಿಯಮದಂತೆ ಮುಖ್ಯೋಪಾಧ್ಯಾಯರ ಮೂಲಕ ಮೂರು ಸಲ ಕಳಿಸಿದ್ದೇನೆ. ಮೂರು ಸಲವೂ ‘ನಿಮ್ಮ ಅಹವಾಲು ಸ್ವೀಕೃತವಾಗಿದೆ, ನಿಮ್ಮ ದಿನ ಶುಭವಾಗಿರಲಿ’ ಎಂಬ ಸಂದೇಶ ಬಂತು. ದಿನ ಶುಭವಾಗಲಿಲ್ಲ, ಹಾಗಾಗಿ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಬರುವ ಗುರುವಾರ ನನ್ನ ತರಗತಿಯನ್ನು ‘ಮಾದರಿ ತರಗತಿ’ ಎಂದು ಚಿತ್ರೀಕರಿಸಲು ನೀವು ಬರುತ್ತಿದ್ದೀರಿ. ಕ್ಯಾಮೆರಾ ಹೊರಡುವ ಮೊದಲು ನಡೆದದ್ದೇನು ಎಂದು ನಿಮಗೆ ಗೊತ್ತಿರಬೇಕು.

ನಾನು ನಂದಗುಡಿ ಹೋಬಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಹೇಳಿಕೊಡುತ್ತಿದ್ದೇನೆ. ಯಂತ್ರ ಕಂಡರೆ ಉರಿದುಬೀಳುವ ಹಳೆಯ ಕಾಲದ ಮೇಡಮ್ಮು ಎಂದು ದಯವಿಟ್ಟು ಷರಾ ಬರೆಯಬೇಡಿ. ಹಳಗನ್ನಡದ ಪದ್ಯವೊಂದನ್ನು ನಿಮ್ಮ ಬೋರ್ಡಿನಲ್ಲಿ ಒಳ್ಳೆಯ ಗಮಕಿಯೊಬ್ಬರ ದನಿಯಲ್ಲಿ ಕೇಳಿಸಿದಾಗ, ಕೊನೆಯ ಬೆಂಚಿನಲ್ಲಿ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದವರೂ ತಲೆಯೆತ್ತಿದರು. ಅಂಥ ದನಿ ನನಗಿಲ್ಲ. ಅದಕ್ಕೆ ನಿಮಗೆ ಋಣಿ. ನಾನು ಕೇಳುತ್ತಿರುವುದು ಆ ದನಿ ಯಾವಾಗ ಬೇಕು, ಯಾವಾಗ ಬೇಡ ಎಂದು ಹೇಳುವ ಹಕ್ಕನ್ನು ಮಾತ್ರ.

ನನ್ನ ತರಗತಿಯಲ್ಲಿ ಒಂದು ಪದ್ಧತಿಯಿದೆ. ಪದ್ಯವನ್ನು ಒಮ್ಮೆ ನಾನು ಗಟ್ಟಿಯಾಗಿ ಓದಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಬಿಡುತ್ತೇನೆ. ಆಮೇಲೆ ಕಿಟಕಿಯ ಬಳಿ ಹೋಗಿ ನಿಲ್ಲುತ್ತೇನೆ. ಯಾರ ಹೆಸರನ್ನೂ ಕೂಗುವುದಿಲ್ಲ. ಯಾರಿಗೆ ಓದಬೇಕೆನಿಸುತ್ತದೋ ಅವರೇ ಎದ್ದು ಬಂದು ಪುಸ್ತಕ ಎತ್ತಿಕೊಳ್ಳಬೇಕು. ಕೆಲವು ದಿನ ಮೂವರು ಒಟ್ಟಿಗೆ ಓಡಿಬರುತ್ತಾರೆ, ಕೆಲವು ದಿನ ಹತ್ತು ನಿಮಿಷ ಯಾರೂ ಅಲ್ಲಾಡುವುದಿಲ್ಲ. ಆ ಹತ್ತು ನಿಮಿಷ ಸೋಮಾರಿತನದ್ದಲ್ಲ. ಅಷ್ಟೂ ಹೊತ್ತು ಮಕ್ಕಳು ಪದ್ಯದ ಜೊತೆಗೇ ಇರುತ್ತಾರೆ. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ, ಕಾಯುತ್ತಾ ಕಾಯುತ್ತಾ ಬಂತು.

ನಿಮ್ಮ ಬೋರ್ಡಿಗೆ ಕಾಯಲು ಬರುವುದಿಲ್ಲ. ಕೋಣೆಯಲ್ಲಿ ಎಷ್ಟು ಸದ್ದಾಗುತ್ತಿದೆ ಎಂದು ಅಳೆದು, ಅದನ್ನೇ ‘ಮಕ್ಕಳ ಭಾಗವಹಿಸುವಿಕೆ’ ಎಂದು ನಿಮ್ಮ ಕಚೇರಿಗೆ ಕಳಿಸುತ್ತದೆ. ಮೂರು ನಿಮಿಷ ಸದ್ದಿಲ್ಲದಿದ್ದರೆ ‘ತರಗತಿ ನಿಷ್ಕ್ರಿಯ’ ಎಂದು ಬರೆದುಕೊಂಡು ತಾನೇ ಪಾಠ ಶುರುಮಾಡುತ್ತದೆ. ಸದ್ದಿನಿಂದ ಸಾಹಿತ್ಯವನ್ನು ಅಳೆಯಬಹುದೆಂದು ಹೊಳೆದದ್ದು ಯಾರಿಗೆ? ಅವರು ಎಂದಾದರೂ ಒಂದು ಪದ್ಯ ಓದಿ ಸುಮ್ಮನೆ ಕುಳಿತದ್ದಿದೆಯೇ? ನಿಮ್ಮ ಲೆಕ್ಕದಲ್ಲಿ ನಮ್ಮ ಶಾಲೆಯ ಅತ್ಯುತ್ತಮ ಸಾಹಿತ್ಯದ ತರಗತಿ ಬಿಸಿಯೂಟದ ಸಾಲು.

ಈಗ ಒಬ್ಬ ಹುಡುಗಿಯ ವಿಷಯ. ಸಬಾ ಎಂದು ಕರೆಯುತ್ತೇನೆ, ಅದು ಅವಳ ನಿಜವಾದ ಹೆಸರಲ್ಲ. ಮನೆಮಾತು ದಖನಿ ಉರ್ದು. ತಂದೆ ಟೆಂಪೋದಲ್ಲಿ ಹೊಸಕೋಟೆ ಮಾರುಕಟ್ಟೆಗೆ ತರಕಾರಿ ಸಾಗಿಸುತ್ತಾರೆ. ಎಂಟನೇ ತರಗತಿಗೆ ಸೇರಿದಾಗಿನಿಂದ ಹದಿನಾಲ್ಕು ತಿಂಗಳು ಆ ಹುಡುಗಿ ತರಗತಿಯಲ್ಲಿ ಹಾಜರಿಗೂ ಕೈಯೆತ್ತಿದಳೇ ಹೊರತು ಬಾಯಿ ತೆರೆಯಲಿಲ್ಲ. ಬರೆದರೆ ಮುತ್ತಿನಂಥ ಅಕ್ಷರ. ನಾನು ಒತ್ತಾಯಿಸಲಿಲ್ಲ, ಪುಸ್ತಕ ಮೇಜಿನ ಮೇಲೆ ಇಡುತ್ತಲೇ ಇದ್ದೆ.

ಕಳೆದ ಆಗಸ್ಟಿನಲ್ಲಿ ಒಂದು ಪದ್ಯ ಓದಿದೆವು. ತೌರಿಗೆ ಹೊರಟ ಹೆಣ್ಣೊಬ್ಬಳು ಮಳೆಗೆ ಸಿಕ್ಕಿ, ಗುರುತಿಲ್ಲದವರ ಜಗಲಿಯಲ್ಲಿ ನಿಂತಿದ್ದಾಳೆ. ಒಳಗೆ ಕರೆಯುತ್ತಾರೋ ಇಲ್ಲವೋ ಅವಳಿಗೆ ತಿಳಿಯದು. ಆ ಪದ್ಯದ ಎರಡನೇ ವಾರ ಎಂದಿನಂತೆ ಪುಸ್ತಕ ಇಟ್ಟು ಕಿಟಕಿಯ ಬಳಿ ನಿಂತೆ. ಒಂದು ನಿಮಿಷ, ಎರಡು ನಿಮಿಷ. ಹಿಂದೆ ಬೆಂಚೊಂದು ಮೆಲ್ಲಗೆ ಸರಿಯಿತು. ಸಬಾ ಎದ್ದಿದ್ದಳು. ನಲವತ್ತೊಂದು ಮಕ್ಕಳು ಉಸಿರು ಬಿಗಿಹಿಡಿದರು. ಅವಳು ಮೇಜಿನವರೆಗೆ ನಡೆದುಬಂದು, ಪುಸ್ತಕ ಎತ್ತಿಕೊಂಡು, ಪುಟ ಹುಡುಕಿ, ಬಾಯಿ ತೆರೆದಳು. ಅಷ್ಟರಲ್ಲಿ ಮೂರು ನಿಮಿಷವಾಗಿತ್ತು. ಅವಳ ಬೆನ್ನ ಹಿಂದೆ ಬೋರ್ಡು ಬೆಳಗಿತು, ಕನ್ನಡಕ ಹಾಕಿದ ಗಿಳಿಯೊಂದು ರೆಕ್ಕೆ ಬಡಿದು ‘ಹಾಯ್ ಮಕ್ಕಳೇ, ಎಲ್ಲರೂ ರೆಡೀನಾ’ ಎಂದಿತು. ಮಕ್ಕಳು ನಕ್ಕರು, ಅವರ ತಪ್ಪಲ್ಲ. ಸಬಾ ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟು ಹಿಂದಕ್ಕೆ ಹೋಗಿ ಕುಳಿತಳು. ಆ ದಿನದ ನಿಮ್ಮ ದಾಖಲೆ ತೆಗೆದು ನೋಡಿ, ‘ಮಕ್ಕಳ ನಗು: ಉತ್ತಮ’ ಎಂದಿದೆ.

ಆ ಶನಿವಾರ ಅವಳ ತಾಯಿ ಯಾವುದೋ ಅರ್ಜಿಗೆ ಸಹಿ ಹಾಕಿಸಲು ಬಂದಿದ್ದರು. “ಮೇಡಮ್, ಹದಿನೈದು ದಿನದಿಂದ ಮನೇಲಿ ಅದೇ ಪದ್ಯ ಓದ್ತಾವ್ಳೆ. ಕುಕ್ಕರ್ ಕೂಗಿದ್ರೂ ನಿಲ್ಸಲ್ಲ. ನಂಗೇ ಅರ್ಧ ಬಾಯಿಪಾಠ ಆಗೋಯ್ತು. ಕ್ಲಾಸಲ್ಲಿ ಓದಿದ್ಲಾ?” ಎಂದು ಕೇಳಿದರು. “ಓದ್ತಾಳೆ ಬಿಡಿ” ಎಂದೆ. ಆ ತಾಯಿಗೆ ಅದಕ್ಕಿಂತ ನೇರವಾದ ಉತ್ತರ ಕೊಡಲು ನನಗೆ ಮುಖವಿರಲಿಲ್ಲ.

ಸೋಮವಾರದಿಂದ ನಾನು ಬೋರ್ಡಿನ ಪ್ಲಗ್ ಕಿತ್ತಿಟ್ಟೆ. ನಾಲ್ಕನೇ ದಿನಕ್ಕೆ ನೋಟಿಸು ಬಂತು. ಯಂತ್ರಕ್ಕೆ ಅಷ್ಟು ಬೇಗ ಉತ್ತರ ಕೊಡುವ ಇಲಾಖೆ ಮನುಷ್ಯರಿಗೂ ಕೊಟ್ಟಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಮುಖ್ಯೋಪಾಧ್ಯಾಯರಾದ ವೆಂಕಟರಾಮಪ್ಪನವರು ನೋಟಿಸನ್ನು ನನ್ನ ಮುಂದಿಟ್ಟು, “ಏನ್ ಮಾಡ್ತೀರಾ ಮೇಡಮ್, ಮೇಲಿಂದ ಬಂದಿರೋದು. ನಾವು ಸುಮ್ನಿರ್ಬೋದು, ಅದು ಸುಮ್ನಿರಲ್ವಲ್ಲ” ಎಂದರು. ಸಹೋದ್ಯೋಗಿಯೊಬ್ಬರು ಮೆಲ್ಲಗೆ ಕರೆದು ದಾರಿ ತೋರಿಸಿದರು: “ಬೋರ್ಡ್ ಹಾಕ್ಬಿಟ್ಟು ಫ್ಯಾನ್ ಒಂದು ತಿರುಗ್ಸಿ ಬಂದ್ಬಿಡಿ, ಸಾಕು. ನಾನೂ ಹಂಗೇ ಮಾಡ್ತಿರೋದು.” ಅವರ ಹೆಸರು ಹೇಳುವುದಿಲ್ಲ, ಇನ್ನೂ ಹತ್ತು ವರ್ಷ ಸೇವೆಯಿದೆ.

ಹಾಗೇ ಮಾಡಿದೆ. ಸೆಪ್ಟೆಂಬರಿನಿಂದ ನನ್ನ ಕನ್ನಡದ ಅವಧಿಯಲ್ಲಿ ಒಂಬತ್ತನೇ ತರಗತಿಯ ಕೋಣೆಯಲ್ಲಿ ನರಪಿಳ್ಳೆಯೂ ಇಲ್ಲ. ಗಿಳಿ ಪಾಠ ಮಾಡುತ್ತದೆ, ರೆಕ್ಕೆ ಸಡಿಲವಾದ ಫ್ಯಾನು ಗಡಗಡ ಎಂದು ಉತ್ತರ ಹೇಳುತ್ತದೆ. ನಾವೆಲ್ಲ ಹಿತ್ತಲಿನ ಹೊಂಗೆಮರದ ಕೆಳಗೆ ಕುಳಿತು ಓದುತ್ತೇವೆ. ಡಿಸೆಂಬರಿನಲ್ಲಿ ನಿಮ್ಮಿಂದ ಪ್ರಶಸ್ತಿಪತ್ರ ಬಂತು: ಭಾಗವಹಿಸುವಿಕೆ ಶೇಕಡ ತೊಂಬತ್ತಾರು, ತಾಲ್ಲೂಕಿಗೆ ಮೊದಲ ಸ್ಥಾನ. ಇದು ನನ್ನ ತಪ್ಪೊಪ್ಪಿಗೆಯೂ ಹೌದು. ಇಪ್ಪತ್ತಾರು ವರ್ಷ ಪಾಠ ಮಾಡಿದ್ದಕ್ಕೆ ಸಿಗದ ಪ್ರಶಸ್ತಿ ಪಾಠ ಮಾಡದ ಕೋಣೆಗೆ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಫೋಟೋಗೆ ನಿಂತಾಗ ನಾಚಿಕೆಯಾಯಿತು, ಆದರೂ ನಿಂತೆ.

ಇಷ್ಟಕ್ಕೇ ಬಿಟ್ಟಿದ್ದರೆ ಬಾಯಿ ಮುಚ್ಚಿಕೊಂಡು ನಿವೃತ್ತಿಯವರೆಗೆ ದಿನ ದೂಡುತ್ತಿದ್ದೆ. ಕಳೆದ ವಾರ ನಿಮ್ಮ ಕಚೇರಿಯಿಂದ ಗುರುವಾರದ ಚಿತ್ರೀಕರಣಕ್ಕೆ ಸೂಚನೆಗಳು ಬಂದವು. ನಾಲ್ವರು ಮಕ್ಕಳು ಕ್ಯಾಮೆರಾ ಮುಂದೆ ಮಾತಾಡಬೇಕಂತೆ, ‘ಮೊದಲು ಸಂಕೋಚದಿಂದಿದ್ದ ಹೆಣ್ಣುಮಗು’ ಒಂದಿದ್ದರೆ ಉತ್ತಮವಂತೆ. ವೆಂಕಟರಾಮಪ್ಪನವರು ಸಬಾಳನ್ನು ಆರಿಸಿ, ನೀವೇ ಬರೆದು ಕಳಿಸಿದ ಸಾಲಿನ ಚೀಟಿಯನ್ನು ಅವಳ ಕೈಗಿತ್ತರು. ‘ಸ್ಮಾರ್ಟ್ ಬೋರ್ಡಿನಿಂದ ನನಗೆ ಗಟ್ಟಿಯಾಗಿ ಓದುವ ಧೈರ್ಯ ಬಂತು.’ ಅವಳು ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ನನ್ನೊಡನೆ ಅವಳು ಆಡಿದ ಮೊದಲ ಪೂರ್ತಿ ವಾಕ್ಯ ಅದು: “ಮಿಸ್, ಇದನ್ನ ನೋಡ್ಕೊಂಡ್ ಹೇಳ್ಬೋದಾ, ಬಾಯಿಪಾಠ ಮಾಡ್ಬೇಕಾ?”

ಮಾನ್ಯರೇ, ಈ ಹುಡುಗಿ ಶಾಲೆಯಲ್ಲಿ ಗಟ್ಟಿಯಾಗಿ ಹೇಳುವ ಮೊದಲ ಮಾತು ನೀವು ಬರೆದುಕೊಟ್ಟ ಸುಳ್ಳಾಗಬೇಕೇ? ಚೀಟಿಯನ್ನು ನಾನು ಇಸಿದುಕೊಂಡಿದ್ದೇನೆ. ಅದು ಪ್ರಶಸ್ತಿಪತ್ರದ ಜೊತೆಗೆ ನನ್ನ ಡ್ರಾಯರಿನಲ್ಲಿದೆ, ಎರಡನ್ನೂ ಗುರುವಾರ ವಾಪಸು ಕೊಡುತ್ತೇನೆ. ಖಾಲಿ ಕೋಣೆಯ ವಿಷಯದಲ್ಲಿ ನನ್ನ ಮೇಲೆ ಏನು ಕ್ರಮ ಜರುಗಿಸಬೇಕೋ ಜರುಗಿಸಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೋರ್ಡನ್ನು ಆರಿಸುವ ಗುಂಡಿ ಪಾಠ ಮಾಡುವವರ ಕೈಯಲ್ಲಿರಲಿ. ಸದ್ದಿಲ್ಲದ ನಿಮಿಷಗಳನ್ನು ತಪ್ಪೆಂದು ಬರೆಯುವುದು ನಿಲ್ಲಲಿ.

ಗುರುವಾರ ಬನ್ನಿ, ಬೇಡವೆನ್ನುವುದಿಲ್ಲ. ಕ್ಯಾಮೆರಾ ಕಾರಿನಲ್ಲೇ ಇರಲಿ. ಹೊಂಗೆಮರದ ಕೆಳಗೆ ಎಲ್ಲರಿಗಿಂತ ಹಿಂದೆ ನಿಮಗೊಂದು ಕುರ್ಚಿ ಹಾಕಿಸಿರುತ್ತೇನೆ. ಜಗಲಿಯಲ್ಲಿ ನಿಂತವಳ ಆ ಪದ್ಯವನ್ನೇ ಓದಿ ಪುಸ್ತಕವನ್ನು ಮರದ ಕಟ್ಟೆಯ ಮೇಲೆ ಇಡುತ್ತೇನೆ. ಆಮೇಲೆ ನಮ್ಮ ಹಾಗೆ ನೀವೂ ಕಾಯಬೇಕು. ಮೊದಲು ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಸಬಾ ಈಗ ಕಟ್ಟೆಯಿಂದ ಎರಡನೇ ಸಾಲಿನಲ್ಲಿ ಕೂರುತ್ತಾಳೆ, ಐದು ತಿಂಗಳಲ್ಲಿ ಆಗಿರುವುದು ಅಷ್ಟೆ. ಆ ದಿನ ಅವಳು ಎದ್ದು ಬಂದರೆ ಕೇಳಿಸಿಕೊಳ್ಳಿ. ಬರದಿದ್ದರೆ, ಬರಲಿಲ್ಲ ಎಂದೇ ಬರೆದುಕೊಂಡು ಹೋಗಿ.

ಇಂತಿ,
ತಾಲ್ಲೂಕಿಗೇ ಮೊದಲು ಬಂದ ಫ್ಯಾನಿನ ಪರವಾಗಿ,
ಅನುಸೂಯಮ್ಮ
ಕನ್ನಡ ಶಿಕ್ಷಕಿ (ಸದ್ಯಕ್ಕೆ)